ಜೋಳದ ರೊಟ್ಟಿ, ಶೇಂಗಾ ಮತ್ತು ಪ್ರಯೋಗಾಲಯದ ಇಲಿ

ತಿಂದ ಆಹಾರ ಮೈಗೆ ಹತ್ತುತ್ತದೆಯೇ, ಎಷ್ಟು ಹತ್ತುತ್ತದೆ, ಹತ್ತಿದ್ದು ಯಾವಾಗ ಹಿತದ ಗಡಿ ದಾಟಿ ಬೊಜ್ಜಾಗುತ್ತದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ವಿಜ್ಞಾನಿಗಳು ನೂರು ವರ್ಷಕ್ಕೂ ಮಿಕ್ಕಿ ಪ್ರಯೋಗಾಲಯದ ಪ್ರಾಣಿಗಳ ನೆರವು ಪಡೆದಿದ್ದಾರೆ. ಇಂದು ಎಲ್ಲರ ಬಾಯಲ್ಲಿರುವ ವಿಟಮಿನ್, ಪ್ರೋಟೀನು, ಕೊಬ್ಬು ಮುಂತಾದ ಮಾತುಗಳ ಹಿಂದೆ ಬಿಳಿ ಇಲಿಗಳು, ಕೋಳಿಗಳು, ನಾಯಿಗಳು ಮತ್ತು ಮಂಗಗಳ ಮೇಲೆ ನಡೆದ ಪರೀಕ್ಷೆಗಳಿವೆ. ಕನ್ನಡ ನಾಡಿನ ಊಟವೂ ಈ ಪರೀಕ್ಷೆಗೆ ಒಳಗಾಗಿದೆ. ಗದಗ ಸೀಮೆಯ ಜೋಳ, ಕಡಲೆ ಮತ್ತು ಶೇಂಗಾದಂಥ ಬೆಳೆಗಳ ಗುಣದೋಷಗಳೂ ಇದೇ ದಾರಿಯಲ್ಲಿ ತಿಳಿದುಬಂದಿವೆ.

ಮನುಷ್ಯರ ಊಟವನ್ನು ನೇರವಾಗಿ ಅಳೆಯುವುದು ಸುಲಭವಲ್ಲ. ಗದಗ ಸೀಮೆಯ ಕುರ್ತಕೋಟಿ ಎಂಬ ಊರಿನ ಒಂದು ಮನೆಯನ್ನೇ ತೆಗೆದುಕೊಳ್ಳಬಹುದು. ಬೆಳಿಗ್ಗೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಹೊಲಕ್ಕೆ ಹೋದವರಿಗೆ ಬುತ್ತಿ. ಸಂಜೆ ಚಹಾ, ಸಂತೆಯ ದಿನ ಮಿರ್ಚಿ ಭಜಿ, ಹಬ್ಬಕ್ಕೆ ಹೋಳಿಗೆ. ಯಾರು ಎಷ್ಟು ತಿಂದರು, ಎಷ್ಟು ದುಡಿದರು, ಎಷ್ಟು ನಿದ್ದೆ ಮಾಡಿದರು ಎಂಬುದು ದಿನದಿನಕ್ಕೂ ಬದಲಾಗುತ್ತದೆ. ಒಬ್ಬರಿಗೆ ಒಂದೇ ಬಗೆಯ ಆಹಾರವನ್ನು ಹತ್ತಾರು ವರ್ಷ ಕೊಟ್ಟು ಪರೀಕ್ಷಿಸಲು ಬರುವುದಿಲ್ಲ. ಬೇಕಾದ ಪೋಷಕಾಂಶವನ್ನು ಉದ್ದೇಶಪೂರ್ವಕವಾಗಿ ತಪ್ಪಿಸಿ ರೋಗ ಬರಿಸುವುದಂತೂ ಅನ್ಯಾಯ. ಆದ್ದರಿಂದ ಆಹಾರದ ಒಂದೇ ಒಂದು ಅಂಶವನ್ನು ಬದಲಿಸಿ, ಉಳಿದೆಲ್ಲವನ್ನೂ ಸಮವಾಗಿಟ್ಟು ನೋಡಬೇಕಾದಾಗ ಪ್ರಾಣಿಗಳ ಪ್ರಯೋಗ ಅನಿವಾರ್ಯವಾಯಿತು.

ಈ ಕೆಲಸಕ್ಕೆ ಇಲಿ ಹೆಚ್ಚು ಬಳಕೆಯಾಗಲು ಕಾರಣಗಳಿವೆ. ಮನುಷ್ಯರಂತೆ ಇಲಿಯೂ ಕಾಳು, ಎಣ್ಣೆ, ಹಾಲು, ಮಾಂಸ ಎಲ್ಲವನ್ನೂ ತಿಂದು ಅರಗಿಸಿಕೊಳ್ಳುತ್ತದೆ. ಅದರ ಗರ್ಭಾವಧಿ ಸುಮಾರು ಮೂರು ವಾರ. ಮರಿ ತಾಯಿಯ ಹಾಲು ಬಿಡುವುದು ಮತ್ತೆ ಮೂರು ವಾರಕ್ಕೆ. ಆಯುಷ್ಯ ಎರಡೂವರೆಯಿಂದ ಮೂರು ವರ್ಷ. ಹೀಗಾಗಿ ಮನುಷ್ಯರಲ್ಲಿ ಎಪ್ಪತ್ತು ವರ್ಷಗಳಲ್ಲಿ ಕಾಣಬಹುದಾದ ಬೆಳವಣಿಗೆ, ಬಸಿರು, ಬಾಣಂತನ, ಮುಪ್ಪು ಎಲ್ಲವನ್ನೂ ಇಲಿಯಲ್ಲಿ ಕೆಲವೇ ವರ್ಷಗಳಲ್ಲಿ ನೋಡಬಹುದು. ಒಂದೇ ವಂಶದ ಇಲಿಗಳನ್ನು ತಲೆಮಾರುಗಳವರೆಗೆ ಸಾಕಿದರೆ ಅವುಗಳ ನಡುವಣ ಹುಟ್ಟುವ್ಯತ್ಯಾಸ ತೀರ ಕಡಿಮೆಯಾಗುತ್ತದೆ. ಆಗ ಕಂಡ ಬದಲಾವಣೆ ಆಹಾರದಿಂದಲೇ ಆಯಿತೆಂದು ಹೇಳಲು ಧೈರ್ಯ ಬರುತ್ತದೆ.

ಈ ವಿಧಾನದ ಮೊದಲ ದೊಡ್ಡ ಗೆಲುವು ಕೋಳಿಗಳಿಂದ ಬಂತು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅವರು, ತೌಡು ತೆಗೆದ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲಿನ ಶಕ್ತಿ ಹೋಗುವುದನ್ನೂ ತೌಡು ಸಹಿತವಾದ ಅಕ್ಕಿ ತಿಂದಾಗ ಅವು ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. ಮನುಷ್ಯರ ಬೆರಿಬೆರಿ ರೋಗದ ಗುಟ್ಟು ಅಲ್ಲಿಂದ ಬಿಚ್ಚಿಕೊಂಡಿತು. 1912ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಗೌಲೆಂಡ್ ಹಾಪ್‌ಕಿನ್ಸ್ ಅವರು ಶುದ್ಧೀಕರಿಸಿದ ಪ್ರೋಟೀನು, ಪಿಷ್ಟ, ಕೊಬ್ಬು, ಸಕ್ಕರೆ ಮತ್ತು ಲವಣಗಳನ್ನಷ್ಟೇ ತಿಂದ ಎಳೆಯ ಇಲಿಗಳು ಬೆಳೆಯುವುದಿಲ್ಲವೆಂದು ತೋರಿಸಿದರು. ದಿನಕ್ಕೆ ಎರಡು ಮೂರು ಮಿಲಿಲೀಟರಿನಷ್ಟು ಹಾಲು ಸೇರಿಸಿದರೆ ಸಾಕು, ಬೆಳವಣಿಗೆ ಮತ್ತೆ ಶುರುವಾಗುತ್ತಿತ್ತು. ಹೊಟ್ಟೆ ತುಂಬುವುದು ಬೇರೆ, ಮೈ ಬೆಳೆಯುವುದು ಬೇರೆ ಎಂಬುದು ಇದರಿಂದ ಸಿದ್ಧವಾಯಿತು. ಇವರಿಬ್ಬರಿಗೂ 1929ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಭಾರತದಲ್ಲಿ ಇಂಥ ಸಂಶೋಧನೆ ಬೇರೂರಿದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿಯ ಪಾಶ್ಚರ್ ಸಂಸ್ಥೆಯಲ್ಲಿ ಬ್ರಿಟಿಷ್ ವೈದ್ಯಾಧಿಕಾರಿ ರಾಬರ್ಟ್ ಮೆಕ್ಯಾರಿಸನ್ ಅವರು 1918ರಲ್ಲಿ ಒಂದು ಚಿಕ್ಕ ಕೊಠಡಿಯಲ್ಲಿ ಬೆರಿಬೆರಿ ವಿಚಾರಣಾ ಘಟಕವನ್ನು ಆರಂಭಿಸಿದರು. ಅದು 1928ರ ಹೊತ್ತಿಗೆ ಪೋಷಣಾ ಸಂಶೋಧನಾ ಪ್ರಯೋಗಾಲಯವಾಗಿ ಬೆಳೆಯಿತು. 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಮೆಕ್ಯಾರಿಸನ್ ಅವರು ಕೂನೂರಿನಲ್ಲಿ ಸಾವಿರಕ್ಕೂ ಹೆಚ್ಚು ಇಲಿಗಳ ತಳಿಸಮೂಹವನ್ನು ಸಾಕಿದ್ದರು. ಗೋದಿ ಚಪಾತಿ, ಬೆಣ್ಣೆ, ಹಾಲು, ಮೊಳಕೆ ಕಾಳು, ಹಸಿ ಗಜ್ಜರಿ, ಎಲೆಕೋಸು ಮತ್ತು ಆಗೀಗ ಸ್ವಲ್ಪ ಮಾಂಸ ಅವುಗಳ ಆಹಾರವಾಗಿತ್ತು. ಗಾಳಿ ಬೆಳಕಿನ, ಚೊಕ್ಕಟವಾದ ಮನೆಯಲ್ಲಿ ಈ ಆಹಾರ ತಿಂದ ಇಲಿಗಳಲ್ಲಿ ಎರಡು ವರ್ಷಕ್ಕೂ ಮಿಕ್ಕಿ ರೋಗರುಜಿನ ಕಾಣಲಿಲ್ಲವೆಂದು ಅವರು ದಾಖಲಿಸಿದ್ದಾರೆ.

ಮುಂದೆ ಅವರು ಹಿಂದುಸ್ತಾನದ ಬೇರೆ ಬೇರೆ ಜನರ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದರು. ವಯಸ್ಸು, ತೂಕಗಳಲ್ಲಿ ಸಮನಾದ ಎಳೆಯ ಇಲಿಗಳನ್ನು ಏಳು ಗುಂಪುಗಳಾಗಿ ವಿಂಗಡಿಸಿ ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು ಮತ್ತು ಮದ್ರಾಸು ಸೀಮೆಯವರು ಉಣ್ಣುವ ಬಗೆಯ ಆಹಾರವನ್ನು ಒಂದೊಂದು ಗುಂಪಿಗೆ ಕೊಡಲಾಯಿತು. ಕೊನೆಯಲ್ಲಿ ತೂಗಿದಾಗ ಸಿಖ್ಖರ ಊಟ ಉಂಡ ಇಲಿಗಳ ಸರಾಸರಿ ತೂಕ 235 ಗ್ರಾಂ ಇತ್ತು. ಕನ್ನಡಿಗರ ಊಟ ಉಂಡವು 185 ಗ್ರಾಂ ತೂಗಿ ಐದನೆಯ ಸ್ಥಾನದಲ್ಲಿ ನಿಂತವು. ಹೆಚ್ಚು ತೊಳೆದು, ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿದ ಮದ್ರಾಸು ಸೀಮೆಯ ಊಟ 155 ಗ್ರಾಮಿಗೆ ನಿಂತಿತು. ತೂಕ ಕಡಿಮೆಯಾದ ಗುಂಪುಗಳಲ್ಲಿ ಶ್ವಾಸಕೋಶ ಮತ್ತು ಕರುಳಿನ ರೋಗಗಳೂ ಹೆಚ್ಚಾಗಿದ್ದವು. ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಹಾಕಿದ ಚಹಾ, ಡಬ್ಬಿಯ ಮಾಂಸ ಮತ್ತು ಜಾಮ್ ಇದ್ದ ಇಂಗ್ಲೆಂಡಿನ ಬಡವರ ಊಟವನ್ನೂ ಪರೀಕ್ಷಿಸಲಾಯಿತು. ಅದನ್ನು ತಿಂದ ಇಲಿಗಳು ಸರಿಯಾಗಿ ಬೆಳೆಯಲಿಲ್ಲ, ಒಂದನ್ನೊಂದು ಕಚ್ಚಾಡಿದವು. ಬಡ ಊಟದ ದೋಷ ಬಿಳಿಯರನ್ನೂ ಬಿಟ್ಟಿರಲಿಲ್ಲ.

ಈ ಅಂಕಿಗಳನ್ನು ಜಾಗರೂಕತೆಯಿಂದ ಓದಬೇಕು. ಇವು ಯಾವ ಜನಾಂಗದ ಯೋಗ್ಯತೆಯನ್ನೂ ಅಳೆಯುವುದಿಲ್ಲ. ಹಾಲು, ತುಪ್ಪ, ಕಾಳು, ಹಸಿರು ತರಕಾರಿ ಮತ್ತು ತೌಡು ಉಳಿದ ಧಾನ್ಯ ಎಷ್ಟೆಷ್ಟು ಇದ್ದವು ಎಂಬ ವ್ಯತ್ಯಾಸವೇ ತೂಕದ ವ್ಯತ್ಯಾಸವಾಗಿ ಕಾಣಿಸಿಕೊಂಡಿತು. ಅಂದಿನ ದೃಷ್ಟಿಯಲ್ಲಿ ಹೆಚ್ಚು ತೂಕವೇ ಹೆಚ್ಚು ಆರೋಗ್ಯ. ಆದರೆ 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್ಕೇ ಅವರು ಇನ್ನೊಂದು ಸತ್ಯವನ್ನು ಮುಂದಿಟ್ಟರು. ವಿಟಮಿನ್, ಖನಿಜಗಳಿಗೆ ಕೊರತೆ ಮಾಡದೆ ಕ್ಯಾಲೊರಿಯನ್ನಷ್ಟೇ ಮಿತಿಗೊಳಿಸಿದಾಗ ಇಲಿಗಳು ಚಿಕ್ಕದಾಗಿ ಉಳಿದರೂ ಹೆಚ್ಚು ಕಾಲ ಬದುಕಿದವು. ಕೊರತೆಯೂ ಕೇಡು, ಅತಿಯೂ ಕೇಡು ಎಂಬ ಮಾತಿಗೆ ಪ್ರಯೋಗದ ಆಧಾರ ಹೀಗೆ ಎರಡೂ ಕಡೆಯಿಂದ ಸಿಕ್ಕಿತು.

ಜೋಳ ಉಣ್ಣುವ ನಾಡಿಗೆ ಹತ್ತಿರವಾದ ಸಂಶೋಧನೆ ಪೆಲಾಗ್ರಾ ರೋಗದ್ದು. ಬಿಸಿಲು ಬೀಳುವ ಕುತ್ತಿಗೆ, ಕೈ, ಕಾಲುಗಳ ಚರ್ಮ ಕಪ್ಪಾಗಿ ಬಿರಿಯುವುದು, ಭೇದಿ, ಮನಸ್ಸಿನ ಕುಗ್ಗು ಅಥವಾ ಭ್ರಮೆ ಇದರ ಲಕ್ಷಣಗಳು. ಗೋವಿನಜೋಳವನ್ನೇ ನೆಚ್ಚಿದ್ದ ಇಟಲಿ ಮತ್ತು ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಲ್ಲಿ ಇದು ಬಹಳ ಜೀವ ತೆಗೆದಿತ್ತು. ನಾಯಿಗಳಿಗೆ ಬರುವ ಕಪ್ಪು ನಾಲಗೆ ರೋಗ ಇದಕ್ಕೆ ಸಮಾನವಾದದ್ದೆಂದು ಅಮೆರಿಕದ ವಿಜ್ಞಾನಿಗಳು ಗುರುತಿಸಿದರು. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಅವರು ನಿಕೋಟಿನಿಕ್ ಆಮ್ಲ ಕೊಟ್ಟು ನಾಯಿಗಳ ಕಪ್ಪು ನಾಲಗೆಯನ್ನು ವಾಸಿಮಾಡಿದರು. ನಯಾಸಿನ್ ಎಂದೂ ಕರೆಯುವ ಈ ಬಿ ಗುಂಪಿನ ವಿಟಮಿನ್ ಮನುಷ್ಯರ ಪೆಲಾಗ್ರಾಕ್ಕೂ ಮದ್ದಾಯಿತು.

ದಖ್ಖನ್ನಿನಲ್ಲಿ ಮಾತ್ರ ಒಂದು ಒಗಟು ಉಳಿದಿತ್ತು. ಹೈದರಾಬಾದಿನ ಆಸ್ಪತ್ರೆಗಳಿಗೆ ಬರುತ್ತಿದ್ದ ಪೆಲಾಗ್ರಾ ರೋಗಿಗಳಲ್ಲಿ ಹಲವರು ಗೋವಿನಜೋಳವನ್ನಲ್ಲ, ಬಿಳಿಜೋಳವನ್ನು ಉಣ್ಣುವ ಬಡವರಾಗಿದ್ದರು. ಜೋಳದಲ್ಲಿ ನಯಾಸಿನ್ ಅಷ್ಟು ಕಡಿಮೆಯಿಲ್ಲ. ದೇಹ ನಯಾಸಿನ್ ತಯಾರಿಸಿಕೊಳ್ಳಲು ಬಳಸುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವೂ ಗೋವಿನಜೋಳಕ್ಕಿಂತ ಉತ್ತಮ ಪ್ರಮಾಣದಲ್ಲಿದೆ. ಹೈದರಾಬಾದಿನ ಪೋಷಣಾ ಸಂಶೋಧನಾ ಪ್ರಯೋಗಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಇದಕ್ಕೊಂದು ಕಾರಣ ಸೂಚಿಸಿದರು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅತಿಯಾಗಿದೆ, ಅದು ನಯಾಸಿನ್ ತಯಾರಿಕೆಗೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ. ಮುಂದಿನ ವರ್ಷಗಳಲ್ಲಿ ಭವಾನಿ ಬೆಳವಾಡಿ ಮತ್ತು ಸಂಗಡಿಗರು ನಾಯಿಮರಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಆಹಾರದಲ್ಲಿ ಲ್ಯೂಸಿನ್ ಹೆಚ್ಚಿಸಿದಾಗ ಮರಿಗಳಿಗೆ ಕಪ್ಪು ನಾಲಗೆ ರೋಗ ಬಂತು. ಜೋಳದ ಆಹಾರದಿಂದ ಮಂಗಗಳಲ್ಲೂ ನಯಾಸಿನ್ ಕೊರತೆ ಕಂಡಿತು. ಲ್ಯೂಸಿನ್ ಕಡಿಮೆ ಇರುವ ಜೋಳದ ತಳಿಗಳ ಹುಡುಕಾಟಕ್ಕೆ ಇದು ಪ್ರೇರಣೆಯಾಯಿತು.

ಬೇರೆ ಪ್ರಯೋಗಾಲಯಗಳಲ್ಲಿ, ಅದರಲ್ಲೂ ಇಲಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಎಲ್ಲೆಡೆಯೂ ಇದೇ ಫಲಿತಾಂಶ ಬರಲಿಲ್ಲ. ಲ್ಯೂಸಿನ್ ಒಂದೇ ಕಾರಣವೆಂಬ ಮಾತನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಆದರೆ ಕುರ್ತಕೋಟಿಯಂಥ ಊರುಗಳಿಗೆ ಬೇಕಾದ ತೀರ್ಮಾನದಲ್ಲಿ ಗೊಂದಲವಿಲ್ಲ. ಜೋಳ ರೋಗ ತರುವ ಧಾನ್ಯವಲ್ಲ. ಬರೀ ರೊಟ್ಟಿ ಮತ್ತು ಖಾರದಲ್ಲೇ ದಿನ ಕಳೆಯಬೇಕಾದ ಬಡತನ ರೋಗ ತರುತ್ತದೆ. ರೊಟ್ಟಿಯ ಜೊತೆಗೆ ಮಡಕಿ, ಹೆಸರು ಅಥವಾ ತೊಗರಿ, ಪುಂಡಿಪಲ್ಲೆಯಂಥ ಸೊಪ್ಪು, ಒಂದಿಷ್ಟು ಹಾಲು ಮಜ್ಜಿಗೆ ಸಿಕ್ಕ ಮನೆಯಲ್ಲಿ ಪೆಲಾಗ್ರಾಕ್ಕೆ ಜಾಗವಿಲ್ಲ.

ಧಾನ್ಯ ಮತ್ತು ಕಾಳಿನ ಈ ಜೋಡಿಯ ಬಲವನ್ನು ಅಳೆದು ತೋರಿಸಿದ ಸಂಸ್ಥೆಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಮುಖ್ಯವಾದದ್ದು. ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರ ಅಕ್ಟೋಬರ್ 21ರಂದು ಅದು ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಪ್ರೋಟೀನಿನ ಗುಣ ಅಳೆಯಲು ಅಲ್ಲಿ ಬಳಸಿದ ಇಲಿಪರೀಕ್ಷೆಯ ಕ್ರಮ ಸರಳವಾದದ್ದು. ಹಾಲು ಬಿಟ್ಟ ಎಳೆಯ ಇಲಿಗಳಿಗೆ ಶೇಕಡ 10ರಷ್ಟು ಪ್ರೋಟೀನು ಇರುವ ಆಹಾರವನ್ನು ನಾಲ್ಕು ವಾರ ಕೊಡುತ್ತಾರೆ. ದಿನವೂ ಹಾಕಿದ ಆಹಾರವನ್ನೂ ಉಳಿದು ಚೆಲ್ಲಿದ್ದನ್ನೂ ತೂಗುತ್ತಾರೆ. ಇಲಿ ಹೆಚ್ಚಿಸಿಕೊಂಡ ತೂಕವನ್ನು ಅದು ತಿಂದ ಪ್ರೋಟೀನಿನ ತೂಕದಿಂದ ಭಾಗಿಸಿದರೆ ಆ ಪ್ರೋಟೀನಿನ ಕಾರ್ಯದಕ್ಷತೆ ಸಿಗುತ್ತದೆ. ಹಾಲಿನ ಪ್ರೋಟೀನಾದ ಕೇಸೀನ್‌ಗೆ ಇದು ಸುಮಾರು 2.5. ಉಳಿದವನ್ನು ಅದರೊಡನೆ ಹೋಲಿಸುತ್ತಾರೆ.

ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಡಲೆಯಂಥ ಕಾಳಿನಲ್ಲಿ ಅದು ಸಾಕಷ್ಟಿದೆ. ಎರಡನ್ನೂ ಬೆರೆಸಿ ತಿಂದ ಇಲಿಗಳು ಬರೀ ಧಾನ್ಯ ತಿಂದವಕ್ಕಿಂತ ಚೆನ್ನಾಗಿ ಬೆಳೆಯುತ್ತವೆ. ಈ ತಿಳಿವಳಿಕೆಯ ಮೇಲೆ 1950ರ ದಶಕದಲ್ಲಿ ಮೈಸೂರಿನ ಸಂಸ್ಥೆ ಬಹೂಪಯೋಗಿ ಆಹಾರವೆಂಬ ಪುಡಿಯನ್ನು ರೂಪಿಸಿತು. ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಪಾಲು, ಹುರಿದ ಕಡಲೆ ಹಿಟ್ಟು 25 ಪಾಲು ಬೆರೆಸಿ, ಕ್ಯಾಲ್ಸಿಯಂ ಮತ್ತು ವಿಟಮಿನ್‌ಗಳನ್ನು ಸೇರಿಸಿದ ಮಿಶ್ರಣ ಅದು. ಇಲಿಗಳಲ್ಲಿ ಪರೀಕ್ಷಿಸಿದ ಮೇಲೆ ಮಕ್ಕಳ ಪೂರಕ ಆಹಾರವಾಗಿ ಅದನ್ನು ಬಳಸಲಾಯಿತು. ಗದಗ ಸೀಮೆಯ ಹೊಲಗಳಲ್ಲಿ ಬೆಳೆಯುವ ಎರಡು ಬೆಳೆಗಳೇ ಅಪೌಷ್ಟಿಕತೆಗೆ ಅಗ್ಗದ ಉತ್ತರವಾಗಬಲ್ಲವೆಂದು ಅದು ತೋರಿಸಿಕೊಟ್ಟಿತು.

ಇದೇ ಶೇಂಗಾದ ಒಂದು ಅಪಾಯವನ್ನೂ ಪ್ರಾಣಿಗಳೇ ಬಯಲಿಗೆ ತಂದವು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆ ಬೂಷ್ಟು ಉತ್ಪಾದಿಸುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರಾಯಿತು. ಬಾತುಮರಿಗಳು ಈ ವಿಷಕ್ಕೆ ಬಹಳ ಬೇಗ ತುತ್ತಾಗುವುದರಿಂದ ಪರೀಕ್ಷೆಗೆ ಅವು ಬಳಕೆಯಾದವು. ಹೈದರಾಬಾದಿನಲ್ಲಿ ಟುಳಪುಳೆ, ಮಾಧವನ್ ಮತ್ತು ಗೋಪಾಲನ್ ಅವರು ಎಳೆಯ ಮಂಗಗಳ ಯಕೃತ್ತಿಗೆ ಇದರಿಂದ ಆಗುವ ಹಾನಿಯನ್ನು 1964ರಲ್ಲಿ ವರದಿ ಮಾಡಿದರು. ಹತ್ತು ವರ್ಷದ ಬಳಿಕ, 1974ರಲ್ಲಿ, ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದ ನೂರಕ್ಕೂ ಹೆಚ್ಚು ಜನ ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡರು. ಶೇಂಗಾವನ್ನು ಚೆನ್ನಾಗಿ ಒಣಗಿಸಿ ಕೂಡಿಡಬೇಕು, ಬೂಷ್ಟು ಹತ್ತಿದ, ಮುದುಡಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ಬಿಸಾಡಬೇಕು ಎಂಬ ಸಲಹೆಯ ಹಿಂದೆ ಇಷ್ಟೆಲ್ಲ ಸಾವುಗಳ ಪಾಠವಿದೆ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಸಂಶೋಧನೆಯ ಗಮನ ಕೊರತೆಯಿಂದ ಬೊಜ್ಜಿನ ಕಡೆಗೂ ಹೊರಳಿತು. 1949ರಲ್ಲಿ ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಮಾಮೂಲಿನ ಸುಂಡಿಲಿಗಿಂತ ಮೂರು ಪಟ್ಟು ತೂಗುವ ಸುಂಡಿಲಿಗಳು ಹುಟ್ಟಿದವು. ಒಂದು ಜೀನಿನಲ್ಲಾದ ಬದಲಾವಣೆ ಇದಕ್ಕೆ ಕಾರಣವಾಗಿತ್ತು. ಬೇರೊಂದು ಜೀನಿನ ದೋಷದಿಂದ ಬೊಜ್ಜು ಮತ್ತು ಮಧುಮೇಹ ಬಂದ ಸುಂಡಿಲಿಗಳೂ 1960ರ ದಶಕದಲ್ಲಿ ಅಲ್ಲಿಯೇ ಕಂಡವು. ಡಗ್ಲಸ್ ಕೋಲ್‌ಮನ್ ಅವರು ಎರಡು ಸುಂಡಿಲಿಗಳ ರಕ್ತಸಂಚಾರವನ್ನು ಜೋಡಿಸಿ ನೋಡಿದರು. ಮೊದಲ ಬಗೆಯ ಬೊಜ್ಜಿನ ಸುಂಡಿಲಿಗೆ ಆರೋಗ್ಯವಂತ ಸುಂಡಿಲಿಯ ರಕ್ತ ಸಿಕ್ಕಾಗ ಅದರ ಹಸಿವು ತಗ್ಗಿ ತೂಕ ಇಳಿಯಿತು. ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ಯಾವುದೋ ಸಂಕೇತ ರಕ್ತದಲ್ಲಿದೆ ಎಂಬುದು ಅದರ ಅರ್ಥ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಆ ಸಂಕೇತದ ಜೀನನ್ನು ಪತ್ತೆಹಚ್ಚಿದರು, ಮುಂದೆ ಆ ಸಂಕೇತಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟರು. ಕೊಬ್ಬಿನ ಕೋಶಗಳೇ ತಯಾರಿಸುವ ಹಾರ್ಮೋನು ಅದು.

ಈ ಕತೆಯ ಮುಂದಿನ ಭಾಗ ಪ್ರಾಣಿಪ್ರಯೋಗದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. 1997ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ, ಅತಿ ಬೊಜ್ಜಿನ ಇಬ್ಬರು ಮಕ್ಕಳು ಗುರುತಾದರು. ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಇಂಥ ಮಗುವಿನ ತೀರದ ಹಸಿವು ತಗ್ಗಿ ತೂಕ ಇಳಿಯಿತು. ಸುಂಡಿಲಿ ಹೇಳಿದ್ದು ಆ ಮಕ್ಕಳ ಪಾಲಿಗೆ ನಿಜವಾಯಿತು. ಆದರೆ ಬೊಜ್ಜು ಇರುವ ಬಹುಪಾಲು ಜನರ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಿಲ್ಲ, ಹೆಚ್ಚೇ ಇದೆ. ಅವರ ಮಿದುಳು ಆ ಸಂಕೇತಕ್ಕೆ ಸರಿಯಾಗಿ ಓಗೊಡುವುದಿಲ್ಲ. ಅವರಿಗೆ ಲೆಪ್ಟಿನ್ ಮದ್ದಾಗಲಿಲ್ಲ.

ಭಾರತದಲ್ಲೂ ಬೊಜ್ಜಿನ ಇಲಿಗಳ ತಳಿಗಳಿವೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ 1920ರಿಂದ ಸಾಕಿಕೊಂಡು ಬಂದ ವಿಸ್ಟಾರ್ ಇಲಿಗಳ ಸಮೂಹದಲ್ಲಿ ತಾವಾಗಿಯೇ ಬೊಜ್ಜು ಬೆಳೆಸುವ ಮರಿಗಳು ಕಾಣಿಸಿಕೊಂಡವು. ಎನ್. ವಿ. ಗಿರಿಧರನ್ ಮತ್ತು ಸಂಗಡಿಗರು 1996ರಲ್ಲಿ ಈ ತಳಿಯನ್ನು ವರದಿ ಮಾಡಿದರು. ಸುಮಾರು ಐದು ವಾರದ ವಯಸ್ಸಿಗೇ ಇವುಗಳ ಬೊಜ್ಜು ಕಣ್ಣಿಗೆ ಬೀಳುತ್ತದೆ. ಇವು ಅತಿಯಾಗಿ ತಿನ್ನುತ್ತವೆ. ರಕ್ತದಲ್ಲಿ ಇನ್ಸುಲಿನ್, ಲೆಪ್ಟಿನ್ ಮತ್ತು ಟ್ರೈಗ್ಲಿಸರೈಡ್ ಕೊಬ್ಬು ಏರಿರುತ್ತವೆ. ಕೆಲವು ಇಲಿಗಳು ಒಂದು ಕಿಲೋಗ್ರಾಂ ಮೀರಿ ತೂಗುತ್ತವೆ. ಇವಕ್ಕೆ ಮರಿಗಳಾಗುವುದಿಲ್ಲ, ಬಲುಬೇಗ ಕಣ್ಣಿನ ಪೊರೆ ಮತ್ತು ಗಡ್ಡೆಗಳು ಬರುತ್ತವೆ, ಆಯುಷ್ಯ ಸಾಮಾನ್ಯ ಇಲಿಯ ಅರ್ಧದಷ್ಟು. ಸಕ್ಕರೆಯನ್ನು ತಾಳಿಕೊಳ್ಳುವ ಶಕ್ತಿಯೂ ಕುಗ್ಗಿದ ಇನ್ನೊಂದು ತಳಿಯನ್ನು ಅಲ್ಲಿಯೇ ಬೆಳೆಸಲಾಗಿದೆ. ಬೊಜ್ಜು ಮತ್ತು ಮುಪ್ಪಿನ ನಂಟನ್ನು ತಿಳಿಯಲು ಈ ತಳಿಗಳು ಉಪಯೋಗವಾಗುತ್ತಿವೆ.

ಹುಟ್ಟುದೋಷವಿಲ್ಲದ ಇಲಿಗಳಲ್ಲೂ ಆಹಾರದಿಂದಲೇ ಬೊಜ್ಜು ತರಿಸಬಹುದು. ಒಂದು ವಿಧಾನದಲ್ಲಿ ಕ್ಯಾಲೊರಿಯ ಶೇಕಡ 45 ಅಥವಾ 60ರಷ್ಟು ಕೊಬ್ಬಿನಿಂದಲೇ ಬರುವಂಥ ಆಹಾರ ಕೊಡುತ್ತಾರೆ. ಇನ್ನೊಂದರಲ್ಲಿ ಬಿಸ್ಕತ್ತು, ಚಿಪ್ಸು, ಚಾಕೊಲೇಟು, ಸಿಹಿ ಪಾನೀಯದಂಥ ಅಂಗಡಿಯ ತಿನಿಸುಗಳನ್ನು ಬದಲಿಸಿ ಬದಲಿಸಿ ಇಡುತ್ತಾರೆ. ಒಂದೇ ಬಗೆಯ ಕಾಳಿನ ಉಂಡೆ ಇದ್ದಾಗ ಅಗತ್ಯಕ್ಕೆ ತಕ್ಕಷ್ಟು ತಿಂದು ನಿಲ್ಲಿಸುವ ಇಲಿ, ರುಚಿರುಚಿಯಾದ ಹಲವು ತಿನಿಸುಗಳು ಎದುರಿದ್ದಾಗ ಮಿತಿ ಮರೆತು ತಿನ್ನುತ್ತದೆ. ತೂಕದ ಜೊತೆಗೆ ಹೊಟ್ಟೆಯೊಳಗಿನ ಕೊಬ್ಬು, ಯಕೃತ್ತಿನ ಕೊಬ್ಬು, ಉಸಿರಾಟದ ಆಮ್ಲಜನಕದ ಲೆಕ್ಕದಿಂದ ಖರ್ಚಾದ ಶಕ್ತಿ, ಸಕ್ಕರೆ ಕೊಟ್ಟ ಮೇಲೆ ರಕ್ತದ ಗ್ಲುಕೋಸು ಇಳಿಯುವ ವೇಗ ಇವೆಲ್ಲವನ್ನೂ ಅಳೆಯುತ್ತಾರೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸಾಯಿಸಿನ್, ಮೆಂತ್ಯ ಮತ್ತು ಅರಿಷಿಣ ರಕ್ತದ ಕೊಬ್ಬಿನ ಮೇಲೆ ಏನು ಮಾಡುತ್ತವೆ ಎಂಬುದನ್ನು ಮೈಸೂರಿನ ಆಹಾರ ಸಂಶೋಧನಾಲಯ ಇಲಿಗಳ ಮೇಲೆ ದಶಕಗಳ ಕಾಲ ಪರಿಶೀಲಿಸಿದೆ.

ಕೊರತೆ ಮತ್ತು ಬೊಜ್ಜು ಎರಡು ಬೇರೆ ಬೇರೆ ಲೋಕದ ಸಂಗತಿಗಳೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಹುಟ್ಟುವ ಮೊದಲಿನ ಕೊರತೆಗೂ ಬೊಜ್ಜಿನ ಜೊತೆ ಬರುವ ಹೃದ್ರೋಗದಂಥ ಕಾಯಿಲೆಗೂ ನಂಟಿದೆ ಎಂಬುದಕ್ಕೆ ಮೈಸೂರಿನಿಂದಲೇ ಸಾಕ್ಷ್ಯ ಬಂತು. ಅಲ್ಲಿಯ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ಜನನತೂಕದ ದಾಖಲೆಗಳು ಉಳಿದಿದ್ದವು. ಅವರಲ್ಲಿ 517 ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ತಪಾಸಣೆ ಮಾಡಿದಾಗ, ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡ 11 ಮಂದಿಗೆ ಹೃದ್ರೋಗ ಇತ್ತು. ಸುಮಾರು 3.1 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಕದಲ್ಲಿ ಹುಟ್ಟಿದವರಲ್ಲಿ ಅದು ಶೇಕಡ 3 ಮಾತ್ರ. 1996ರಲ್ಲಿ ಪ್ರಕಟವಾದ ಈ ಅಧ್ಯಯನ ಕಂಡದ್ದು ನಂಟನ್ನು ಮಾತ್ರ, ಕಾರಣವನ್ನಲ್ಲ. ತಲೆಮಾರುಗಳ ಹಸಿವು ಮೈಯಲ್ಲಿ ಏನು ಮಾಡುತ್ತದೆ ಎಂದು ತಿಳಿಯಲು ಪ್ರಾಣಿಗಳೇ ಬೇಕಾದವು. ಪುಣೆಯ ಸಂಶೋಧಕರು ಇಲಿಗಳನ್ನು ಐವತ್ತು ತಲೆಮಾರುಗಳವರೆಗೆ ಅರೆಹೊಟ್ಟೆಯಲ್ಲಿ ಸಾಕಿದರು. ಆನಂದವರ್ಧನ ಹರ್ಡೀಕರ್ ಮತ್ತು ಸಂಗಡಿಗರು 2015ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಆ ಇಲಿಗಳಲ್ಲಿ ಹೊಟ್ಟೆಯ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಮುಂದಿನ ಎರಡು ತಲೆಮಾರುಗಳಿಗೆ ಬೇಕಾದಷ್ಟು ಆಹಾರ ಕೊಟ್ಟರೂ ದೋಷ ಹೋಗಲಿಲ್ಲ. ಬರ ಕಂಡ ನಾಡಿಗೆ ಈ ಮಾತು ನೇರವಾಗಿ ತಟ್ಟಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದೇ ರಾಜ್ಯದ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ಶೇಕಡ 30ರಷ್ಟು ಜನ ಅತಿತೂಕ ಅಥವಾ ಬೊಜ್ಜಿನವರು.

ಇಲಿಯ ಉತ್ತರ ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಇಲಿ ತನಗೆ ಬೇಕಾದ ಸಿ ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ, ಮನುಷ್ಯರಿಗೆ ಆ ಶಕ್ತಿಯಿಲ್ಲ. ಆದ್ದರಿಂದಲೇ ಆ ಕೊರತೆಯ ಅಧ್ಯಯನಕ್ಕೆ, ಮನುಷ್ಯರಂತೆಯೇ ಆ ಶಕ್ತಿಯಿಲ್ಲದ ಗಿನಿಪಿಗ್‌ಗಳು ಬೇಕಾದವು. ಮೈತುಂಬ ಕೂದಲು ಬೆಳೆಸುವ ಇಲಿಗೆ ಗಂಧಕವಿರುವ ಅಮೈನೊ ಆಮ್ಲಗಳು ಹೆಚ್ಚು ಬೇಕು. ಹೀಗಾಗಿ ಕಾಳಿನ ಪ್ರೋಟೀನುಗಳು ಇಲಿಯ ಪರೀಕ್ಷೆಯಲ್ಲಿ ತಮ್ಮ ಯೋಗ್ಯತೆಗಿಂತ ಕಡಿಮೆ ಅಂಕ ಪಡೆಯುತ್ತಿದ್ದವು. ಇದನ್ನು ಮನಗಂಡು, ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 1990ರ ದಶಕದ ಆರಂಭದಲ್ಲಿ ಮಾನವನ ಅಗತ್ಯವನ್ನೇ ಆಧಾರವಾಗಿಟ್ಟ ಹೊಸ ಅಳತೆಯನ್ನು ಶಿಫಾರಸು ಮಾಡಿದರು. ಸುಂಡಿಲಿಗಳನ್ನು ಸಾಮಾನ್ಯವಾಗಿ 22 ಡಿಗ್ರಿ ಸೆಲ್ಸಿಯಸ್ ಸುಮಾರಿನ ಕೊಠಡಿಯಲ್ಲಿ ಸಾಕುತ್ತಾರೆ. ಅವಕ್ಕೆ ಅದು ಚಳಿ. ಮೈ ಬಿಸಿಯಿಡಲು ಹೆಚ್ಚು ಶಕ್ತಿ ಖರ್ಚು ಮಾಡುವ ಸುಂಡಿಲಿಯಲ್ಲಿ ಬೊಜ್ಜು ಇಳಿಸಿದ ಔಷಧ ಮನುಷ್ಯರಲ್ಲಿ ಸೋಲಬಹುದು. ಶೇಕಡ 60 ಕೊಬ್ಬಿನ ಆಹಾರವನ್ನು ಯಾವ ಹಳ್ಳಿಯವರೂ ಉಣ್ಣುವುದಿಲ್ಲ. ಇಲಿಗೆ ತೂಕದ ಲೆಕ್ಕದಲ್ಲಿ ಕೊಟ್ಟ ಮೆಂತ್ಯ ಅಥವಾ ಅರಿಷಿಣದ ಪ್ರಮಾಣ ಅಡುಗೆಮನೆಯ ಚಿಟಿಕೆಗೆ ಸಮನಲ್ಲ. ಬಡತನ, ದುಡಿಮೆ, ಜಾಹೀರಾತು, ಚಿಂತೆ, ಮದುವೆ ಮುಂಜಿಗಳ ಊಟ ಯಾವುವೂ ಇಲಿಯ ಪಂಜರದಲ್ಲಿಲ್ಲ. ಪ್ರಾಣಿಪ್ರಯೋಗ ಕಾರಣವನ್ನು ಸೂಚಿಸಬಲ್ಲದು, ಕೊನೆಯ ಮಾತು ಮನುಷ್ಯರ ಅಧ್ಯಯನದಿಂದಲೇ ಬರಬೇಕು.

ಈ ಜ್ಞಾನಕ್ಕೆ ಪ್ರಾಣಿಗಳು ತೆತ್ತ ಬೆಲೆ ದೊಡ್ಡದು. ಹಸಿವು, ರೋಗ, ಒಂಟಿತನ ಮತ್ತು ಬಹುತೇಕ ಪ್ರಯೋಗಗಳ ಕೊನೆಯಲ್ಲಿ ಸಾವು ಅವುಗಳ ಪಾಲಿಗೆ ಬರುತ್ತದೆ. ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನೋಡಿಕೊಳ್ಳುವ ಸಮಿತಿಗೆ ಆ ಕಾಯಿದೆಯೇ ಆಧಾರ. 1998ರ ನಿಯಮಗಳ ಪ್ರಕಾರ ಪ್ರತಿ ಪ್ರಯೋಗಾಲಯವೂ ನೋಂದಣಿ ಮಾಡಿಸಬೇಕು, ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗ ಮಾಡಬಾರದು. ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಅವರು 1959ರಲ್ಲಿ ಮುಂದಿಟ್ಟ ಮೂರು ತತ್ತ್ವಗಳು ಈಗ ಲೋಕವೆಲ್ಲ ಒಪ್ಪಿದ ಮಾತು. ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ ಬಳಸಬೇಕು, ಬಳಸಲೇಬೇಕಾದರೆ ಸಂಖ್ಯೆ ತಗ್ಗಿಸಬೇಕು, ನೋವು ಕಡಿಮೆ ಮಾಡಬೇಕು. ಬಳಸಿದ ಪ್ರಾಣಿಗಳಿಗೆ ಪುನರ್ವಸತಿ ಒದಗಿಸಬೇಕೆಂಬ ನಾಲ್ಕನೆಯದನ್ನು ಭಾರತ ಸೇರಿಸಿಕೊಂಡಿದೆ. ಜೀವಕೋಶಗಳ ಕೃಷಿ, ಕಂಪ್ಯೂಟರ್ ಮಾದರಿ ಮತ್ತು ಆಹಾರದ ರಾಸಾಯನಿಕ ವಿಶ್ಲೇಷಣೆ ಇಂದು ಹಲವೆಡೆ ಇಲಿಯ ಸ್ಥಾನವನ್ನು ತುಂಬಿವೆ. ಉತ್ತರ ಆಗಲೇ ಗೊತ್ತಿರುವ ಪ್ರಶ್ನೆಗೆ ಮತ್ತೊಮ್ಮೆ ಪ್ರಾಣಿಯನ್ನು ಬಲಿಕೊಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹೀಗೆ ಸಿಕ್ಕ ತಿಳಿವಳಿಕೆ ಪ್ರಯೋಗಾಲಯದ ಕಪಾಟಿನಲ್ಲಿ ಉಳಿದರೆ ಆ ಪ್ರಾಣಿಗಳ ಸಾವು ವ್ಯರ್ಥ. ಯಾವುದೋ ಪುಡಿ, ಮಾತ್ರೆ ಅಥವಾ ಕಷಾಯ ತೂಕ ಇಳಿಸುತ್ತದೆ, ಇದು ಪ್ರಯೋಗದಲ್ಲಿ ಸಿದ್ಧವಾಗಿದೆ ಎಂದು ಮಾರುವವರು ಬಂದಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಯಾವ ಪ್ರಾಣಿಯಲ್ಲಿ ಸಿದ್ಧವಾಯಿತು, ಎಷ್ಟು ಪ್ರಮಾಣದಲ್ಲಿ, ಮನುಷ್ಯರಲ್ಲಿ ಪರೀಕ್ಷೆ ಆಗಿದೆಯೇ? ಇವಕ್ಕೆ ಉತ್ತರವಿಲ್ಲದ ಸರಕಿಗೆ ಹಣ ಹಾಕಬಾರದು. ಜೋಳದ ರೊಟ್ಟಿಯನ್ನು ಬಿಡಬೇಕಾಗಿಲ್ಲ, ಅದರ ಜೊತೆಗೆ ಕಾಳು, ಸೊಪ್ಪು, ಮಜ್ಜಿಗೆ ಇರಲಿ. ಶೇಂಗಾ ಒಣಗಿರಲಿ, ಬೂಷ್ಟಿಲ್ಲದಿರಲಿ. ಅಂಗಡಿಯ ಕರಿದ ತಿನಿಸು ಮತ್ತು ಸಿಹಿ ಪಾನೀಯ ಮಕ್ಕಳಿಗೆ ದಿನದ ರೂಢಿಯಾಗದಿರಲಿ. ಅಂಗನವಾಡಿಯಲ್ಲಿ ಮಗುವಿನ ತೂಕ, ಎತ್ತರವನ್ನು ತಪ್ಪದೆ ಅಳೆಸಬೇಕು. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಎಲ್ಲರೂ ಉಂಡು ಉಳಿದದ್ದನ್ನು ಬಸುರಿ ಹೆಂಗಸು ಉಣ್ಣುವ ಪದ್ಧತಿ ನಿಲ್ಲಬೇಕು. ಹುಟ್ಟುವ ಮಗುವಿನ ನಾಳಿನ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗವನ್ನು ತಡೆಯುವ ಕೆಲಸ ಆ ತಾಯಿಯ ಇಂದಿನ ತಟ್ಟೆಯಿಂದಲೇ ಆರಂಭವಾಗುತ್ತದೆ.